ಹೊಸ ಇಯರ್‌ಫೋನ್ ನಿಜವಾಗ್ಲೂ ಚೆನ್ನಾಗಿದ್ಯಾ, ಬರೀ ಜೋರಾಗಿದ್ಯಾ? ಮನೇಲೇ ಹೋಲಿಸಿ ನೋಡೋದು ಹೇಗೆ

ಹೋದ ವರ್ಷ ಫ್ರೆಂಡ್ ಒಬ್ಬ ತನ್ನ ಹೊಸ ಇಯರ್‌ಫೋನ್ ಕೈಗಿಟ್ಟು "ಕೇಳೋ ಒಂದ್ಸಲ, ನಿಂದು ಡಬ್ಬ ಅನ್ಸತ್ತೆ" ಅಂದ. ಹಾಕ್ಕೊಂಡೆ. ಅನ್ಸೇ ಅನ್ಸ್ತು. ದನಿ ಮುಂದೆ ಬಂದು ನಿಂತಿತ್ತು, ಬೇಸ್ ತುಂಬ್ಕೊಂಡಿತ್ತು, ಅದನ್ನ ತೆಗೆದು ನನ್ನ ಹಳೇದನ್ನ ಹಾಕಿದ್ರೆ ಯಾರೋ ಸ್ಪೀಕರ್ ಮೇಲೆ ಕಂಬಳಿ ಹೊದಿಸಿದ ಹಾಗೆ. ರಾತ್ರಿಯೆಲ್ಲಾ ರಿವ್ಯೂ ಓದ್ಕೊಂಡು ಕೂತೆ. ಮಾರನೇ ದಿನ ಏನೋ ಅನುಮಾನ ಬಂದು ಹಳೇದಕ್ಕೆ ವಾಲ್ಯೂಮ್ ಎರಡು ಸ್ಟೆಪ್ ಏರಿಸಿ ಮತ್ತೆ ಕೇಳಿದೆ ನೋಡಿ, ಮುಕ್ಕಾಲು ಪಾಲು ವ್ಯತ್ಯಾಸ ಅಲ್ಲೇ ಕರಗಿಹೋಯ್ತು. ಅವನದ್ರ ಸೆನ್ಸಿಟಿವಿಟಿ ಜಾಸ್ತಿ, ಅದೇ ವಾಲ್ಯೂಮಿಗೆ ಜೋರಾಗಿ ಕೇಳ್ತಿತ್ತು, ಬೇರೇನಿಲ್ಲ. ಆದ್ರೆ ಮಿಕ್ಕ ಕಾಲು ಪಾಲು ಮಾತ್ರ ಅಸಲಿ, ಅದು ವಾಲ್ಯೂಮಿಂದ ಬಂದಿದ್ದಲ್ಲ. ಅಪ್‌ಗ್ರೇಡ್ ಮಾಡೋಕೆ ಮುಂಚೆ ಆ ಕಾಲು ಪಾಲು ಏನು ಅಂತ ಹುಡುಕೋದು ಹೇಗೆ ಅನ್ನೋದನ್ನ ಇಲ್ಲಿ ಒಂದೊಂದಾಗಿ ಬರೀತೀನಿ. ಕಾಸು ಕೊಟ್ಟು ತರೋ ಉಪಕರಣ ಏನೂ ಬೇಡ, ಒಂದು ಸಂಜೆ ಬಿಡುವು, ಆಮೇಲೆ ಒಂದು ವಾರ ತಾಳ್ಮೆ ಇದ್ರೆ ಸಾಕು.

ಮೊದಲು ಹಳೇದರ ಮೇಲೆ ಕಂಪ್ಲೇಂಟ್ ಏನು ಅಂತ ಬರ್ಕೊಳ್ಳಿ

ಹೊಸದನ್ನ ಕಿವಿಗೆ ಹಾಕೋ ಮುಂಚೆಯೇ ಇದನ್ನ ಮಾಡ್ಬೇಕು. ಹಾಕಿದ ಮೇಲೆ ಬರೆಯೋಕೆ ಕೂತ್ರೆ ಹೊಸದು ಯಾವುದರಲ್ಲಿ ಚೆನ್ನಾಗಿದೆಯೋ ಅದೇ ಹಳೇದರ ದೊಡ್ಡ ಕೊರತೆ ಅಂತ ಮನಸ್ಸು ಕಥೆ ಕಟ್ಟತ್ತೆ. "ಸೌಂಡ್ ಇನ್ನೂ ಚೆನ್ನಾಗಿರ್ಬೇಕು" ಅಂತೆಲ್ಲಾ ಬರೆದ್ರೆ ಉಪಯೋಗ ಇಲ್ಲ. ಬೇಸ್ ಗುಂಯ್ ಅಂತ ಊದ್ಕೊಂಡು ಹಾಡೋರ ದನಿ ಮೇಲೆ ಬೀಳತ್ತಾ? "ಸ", "ಶ" ಬಂದಾಗೆಲ್ಲಾ ಕಿವಿಗೆ ಚುಚ್ಚತ್ತಾ? ಜನ ಜಾಸ್ತಿ ಇರೋ ಆರ್ಕೆಸ್ಟ್ರಾದಲ್ಲಿ ಎಲ್ಲಾ ಕಲಸಿಹೋಗತ್ತಾ? ಒಂದು ಗಂಟೆ ಕೇಳಿದ್ರೆ ತಲೆ ಭಾರ ಆಗತ್ತಾ? ಇಂಥ ಎರಡು ಮೂರು ಸಾಲು ಸಾಕು.

ಹಾಗೇ ಹಳೇದರ ನಳಿಗೆ (ಕಿವಿಯೊಳಗೆ ಹೋಗೋ ಕೊಳವೆ) ತುದಿಯ ಜಾಲರಿ ಬೆಳಕಿಗೆ ಹಿಡಿದು ನೋಡಿ. ಗುಗ್ಗೆ ಕಟ್ಕೊಂಡಿದ್ರೆ ಟ್ರೆಬಲ್ (ಎತ್ತರದ ಚೂಪು ಸ್ವರಗಳು) ಸತ್ತುಹೋಗತ್ತೆ, ಒಂದು ಕಡೆ ಸೌಂಡ್ ಕಮ್ಮಿಯಾಗತ್ತೆ, ನಾವು "ಹಳೇದಾಯ್ತು, ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಹೋಯ್ತು" ಅಂತ ತೀರ್ಮಾನ ಮಾಡ್ಬಿಡ್ತೀವಿ. ಒಣಗಿದ ಮೃದು ಬ್ರಶ್ ತಗೊಂಡು ಜಾಲರಿ ಕೆಳಮುಖ ಮಾಡಿ ನಿಧಾನಕ್ಕೆ ಉಜ್ಜಿ, ಉದುರಿದ್ದು ಒಳಗೆ ಹೋಗ್ಬಾರ್ದು ಅದಕ್ಕೆ ಕೆಳಮುಖ. ಪಿನ್ ಹಾಕಿ ಚುಚ್ಚಬೇಡಿ. ಎಷ್ಟೋ ಜನರ ಅಪ್‌ಗ್ರೇಡ್ ಆಸೆ ಇಲ್ಲಿಗೇ ಮುಗಿಯತ್ತೆ, ನಗಬೇಡಿ, ನಿಜ.

ಟಿಪ್ ಸರಿ ಕೂತಿಲ್ಲ ಅಂದ್ರೆ ಮುಂದಿಂದೆಲ್ಲಾ ದಂಡ

ಇನ್-ಇಯರ್ ಇಯರ್‌ಫೋನ್‌ಗೆ ಕಿವಿ ಕಾಲುವೆಯೇ ಡಬ್ಬ, ಸ್ಪೀಕರಿಗೆ ಮರದ ಪೆಟ್ಟಿಗೆ ಇದ್ದ ಹಾಗೆ. ತುದಿಯ ರಬ್ಬರ್ ಟಿಪ್ಪಿಗೂ ಕಿವಿಗೂ ಮಧ್ಯ ಕೂದಲೆಳೆಯಷ್ಟು ಸಂದು ಇದ್ರೂ ಬೇಸ್ ಅಲ್ಲಿಂದ ಸೋರಿಹೋಗತ್ತೆ, ದನಿ ಮತ್ತೆ ಟ್ರೆಬಲ್ ಮಾತ್ರ ಹಾಗೇ ಉಳಿಯತ್ತೆ, ನಮಗೆ "ತೆಳ್ಳಗೆ, ಚುರುಕಾಗಿ" ಅನ್ಸತ್ತೆ. ಅಂದ್ರೆ ಸೀಲ್ ಸರಿಯಿಲ್ಲದ ಹಳೇದನ್ನ ಸೀಲ್ ಆಗಿರೋ ಹೊಸದರ ಜೊತೆ ಹೋಲಿಸಿದ್ರೆ ನೀವು ಹೋಲಿಸ್ತಿರೋದು ಎರಡು ರಬ್ಬರ್ ತುಂಡುಗಳನ್ನ.

ಪರೀಕ್ಷೆ ಸುಲಭ. ಟೋನ್ ಜನರೇಟರ್ ಆಪ್‌ನಲ್ಲಿ 30 ಅಥವಾ 40 ಹರ್ಟ್ಜ್ ಟೋನ್ ಇಡಿ, ವಾಲ್ಯೂಮ್ ಕಮ್ಮಿಯಿಂದ ಶುರು ಮಾಡಿ. ಈಗ ಬೆರಳಲ್ಲಿ ಇಯರ್‌ಫೋನನ್ನ ಮೆಲ್ಲಗೆ ಒಳಗೆ ಒತ್ತಿ. ಒತ್ತಿದಾಗ ಟೋನ್ ಧುಮ್ ಅಂತ ಏರಿ, ಬಿಟ್ಟಾಗ ಇಳಿದ್ರೆ ಸೀಲ್ ಆಗಿಲ್ಲ, ದೊಡ್ಡ ಟಿಪ್ ಹಾಕಿ. ಒತ್ತಿದ್ರೂ ಬಿಟ್ರೂ ಹೆಚ್ಚೂಕಮ್ಮಿ ಒಂದೇ ಥರ ಇದ್ರೆ ಸರಿಯಾಗಿದೆ. ಬಾಯಿ ಆಡಿಸಿ, ಕತ್ತು ತಿರುಗಿಸಿ ಕೂಡ ನೋಡಿ. ಎರಡೂ ಕಿವಿಗೆ ಬೇರೆಬೇರೆ ಮಾಡಿ, ಯಾಕಂದ್ರೆ ಎರಡೂ ಕಿವಿ ಒಂದೇ ಸೈಜ್ ಇರಬೇಕು ಅಂತೇನಿಲ್ಲ, ನನ್ನ ಎಡಗಿವಿಗೆ ಎಂ ಸೈಜು ಬಲಗಿವಿಗೆ ಎಲ್ಲು, ಇದು ಗೊತ್ತಾಗೋಕೆ ನನಗೆ ಮೂರು ಜೊತೆ ಇಯರ್‌ಫೋನ್ ಬೇಕಾಯ್ತು, ಅಲ್ಲಿವರೆಗೂ ಪ್ರತಿಯೊಂದರಲ್ಲೂ "ಬಲಗಡೆ ಡ್ರೈವರ್ ವೀಕು" ಅಂತ ಬೈಕೊಂಡು ತಿರುಗ್ತಿದ್ದೆ.

ಎಷ್ಟು ಆಳಕ್ಕೆ ಹೋಗತ್ತೆ ಅನ್ನೋದೂ ಸೌಂಡನ್ನ ಬದಲಾಯಿಸತ್ತೆ. ಟಿಪ್ಪಿಗೂ ಕಿವಿ ತಮಟೆಗೂ ಮಧ್ಯ ಉಳಿಯೋ ಗಾಳಿ ಕೊಳವೆಗೆ ತನ್ನದೇ ಒಂದು ಅನುರಣನೆ ಇರತ್ತೆ, ಸಾಮಾನ್ಯವಾಗಿ 7ರಿಂದ 9 ಕಿಲೋಹರ್ಟ್ಜ್ ಆಸುಪಾಸು, ಆಳಕ್ಕೆ ಹೋದಷ್ಟೂ ಕೊಳವೆ ಗಿಡ್ಡ ಆಗಿ ಅದು ಮೇಲಕ್ಕೆ ಸರಿಯತ್ತೆ. ಅದಕ್ಕೇ ಒಂದೇ ಇಯರ್‌ಫೋನ್ ಒಬ್ಬರಿಗೆ ಚುಚ್ಚತ್ತೆ, ಇನ್ನೊಬ್ಬರಿಗೆ ಹಿತವಾಗಿರತ್ತೆ. ಫೋಮ್ ಟಿಪ್ ಟ್ರೆಬಲ್ಲನ್ನ ಸ್ವಲ್ಪ ಮೆತ್ತಗೆ ಮಾಡತ್ತೆ, ಸಿಲಿಕಾನ್ ಹಾಗೇ ಬಿಡತ್ತೆ. "ಹೋಲಿಸೋವಾಗ ಎರಡಕ್ಕೂ ಒಂದೇ ಟಿಪ್ ಹಾಕ್ಬೇಕಾ?" ಅಂತ ಕೇಳ್ತಾರೆ, ನನ್ನ ಪ್ರಕಾರ ಬೇಡ, ನಳಿಗೆಯ ದಪ್ಪ ಉದ್ದ ಬೇರೆಬೇರೆ ಇರೋದ್ರಿಂದ ಒಂದಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪಲ್ಲ. ಯಾವುದಕ್ಕೆ ಯಾವುದು ಚೆನ್ನಾಗಿ ಸೀಲ್ ಆಗತ್ತೋ ಅದನ್ನ ಹಾಕಿ, ಆದ್ರೆ ಒಂದಕ್ಕೆ ಫೋಮ್ ಇನ್ನೊಂದಕ್ಕೆ ಸಿಲಿಕಾನ್ ಅಂತ ಬೆರೆಸಬೇಡಿ.

ವಾಲ್ಯೂಮ್ ಸಮ ಮಾಡೋದು, ಇದೇ ಅಸಲಿ ಕೆಲ್ಸ

ಎರಡು ಶಬ್ದ ಒಂದೇ ಥರ ಇದ್ದು ಒಂದು ಮಾತ್ರ 1 ಡೆಸಿಬೆಲ್ ಜೋರಾಗಿದ್ರೆ ನಮಗೆ "ಇದು ಜೋರು" ಅಂತ ಅನ್ಸಲ್ಲ, "ಇದು ಕ್ಲಿಯರ್" ಅಂತ ಅನ್ಸತ್ತೆ. ಮೋಸ ಆಗೋದೇ ಇಲ್ಲಿ. ಇನ್ನೊಂದು, ಕಮ್ಮಿ ವಾಲ್ಯೂಮಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳ್ಸಲ್ಲ, ವಾಲ್ಯೂಮ್ ಏರಿದ ಹಾಗೆ ಬೇಸ್ ತುಂಬ್ಕೊಂಡು ಬರತ್ತೆ, ಇದನ್ನ ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು 1933ರಲ್ಲೇ ಅಳೆದು ತೋರಿಸಿದ್ರು. ಹಾಗಾಗಿ ಜೋರಾಗಿರೋ ಇಯರ್‌ಫೋನಿಗೆ ಕ್ಲಿಯರ್ ಅನ್ನೋ ಬಿರುದೂ ಸಿಗತ್ತೆ, ಬೇಸ್ ಚೆನ್ನಾಗಿದೆ ಅನ್ನೋ ಬಿರುದೂ ಸಿಗತ್ತೆ, ಎರಡೂ ಪುಕ್ಕಟೆ.

ಪ್ಯಾಕ್ ಮೇಲೆ ಬರೆದಿರೋ ಸೆನ್ಸಿಟಿವಿಟಿ ನೋಡಿ ವಾಲ್ಯೂಮ್ ಲೆಕ್ಕ ಹಾಕೋಕೆ ಹೋಗಬೇಡಿ. ಕೆಲವರು ಒಂದು ಮಿಲಿವ್ಯಾಟಿಗೆ ಎಷ್ಟು ಡೆಸಿಬೆಲ್ ಅಂತ ಬರೀತಾರೆ, ಕೆಲವರು ಒಂದು ವೋಲ್ಟಿಗೆ ಎಷ್ಟು ಅಂತ. 16 ಓಮ್ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡೋ ತಡೆ) ಇರೋ ಇಯರ್‌ಫೋನಲ್ಲಿ ಈ ಎರಡು ಲೆಕ್ಕಕ್ಕೂ 18 ಡೆಸಿಬೆಲ್ ಅಂತರ, 32 ಓಮಿಗೆ 15. ಒಂದರ ಪ್ಯಾಕಲ್ಲಿ 105, ಇನ್ನೊಂದರ ಪ್ಯಾಕಲ್ಲಿ 120 ಅಂತ ಇದ್ದು ಎರಡೂ ಕಿವಿಗೆ ಒಂದೇ ಸಮ ಇರೋದೂ ಉಂಟು.

ಕಿವಿಯಿಂದಲೇ ಹೀಗೆ ಮಾಡಿ. ಪಿಂಕ್ ನಾಯ್ಸ್ ಫೈಲ್ ಒಂದು ಇಟ್ಕೊಳ್ಳಿ, ಜಲಪಾತದ ಸದ್ದಿನ ಥರ ಇರತ್ತೆ, ತಗ್ಗಿಂದ ಎತ್ತರದವರೆಗೂ ಎಲ್ಲಾ ಸ್ವರ ಇರೋದ್ರಿಂದ ಬರೀ ಒಂದು ಟೋನ್‌ಗಿಂತ ಇದು ನಂಬಿಕಸ್ತ. 1 ಕಿಲೋಹರ್ಟ್ಜ್ ಟೋನ್ ಒಂದನ್ನೇ ನಂಬಿದ್ರೆ ಆ ಜಾಗದಲ್ಲಿ ಒಂದು ಇಯರ್‌ಫೋನಿಗೆ ಉಬ್ಬು ಇದ್ದು ಇನ್ನೊಂದಕ್ಕೆ ತಗ್ಗು ಇದ್ರೆ ಲೆಕ್ಕ ಎಲ್ಲಾ ತಪ್ಪತ್ತೆ. ಹಳೇದರಲ್ಲಿ ಹಿತವಾದ ವಾಲ್ಯೂಮಿಗೆ ಇಟ್ಟು ಐದು ಸೆಕೆಂಡ್ ಕೇಳಿ, ಹೊಸದು ಹಾಕಿ ಐದು ಸೆಕೆಂಡ್, ಮತ್ತೆ ಹಳೇದು. ಸಮ ಅನ್ಸೋವರೆಗೂ ಹೊಸದರ ವಾಲ್ಯೂಮ್ ತಿದ್ದಿ. ಫೋನಿನ ವಾಲ್ಯೂಮ್ ಬಟನ್ ಒಂದೊಂದು ಸ್ಟೆಪ್ಪಿಗೆ 2-3 ಡೆಸಿಬೆಲ್ ಹಾರೋದು ಸಾಮಾನ್ಯ, ಅದು ತುಂಬಾ ಒರಟು, ಅದಕ್ಕೆ ಈಕ್ವಲೈಝರ್ (ತಗ್ಗು ಎತ್ತರದ ಸ್ವರಗಳನ್ನ ಬೇರೆಬೇರೆಯಾಗಿ ಏರಿಸಿ ಇಳಿಸೋ) ಆಪ್‌ನಲ್ಲಿರೋ ಪ್ರೀಆಂಪ್ (ಒಟ್ಟು ವಾಲ್ಯೂಮ್ ತಿದ್ದೋ) ಸ್ಲೈಡರಿಂದ ಅರ್ಧರ್ಧ ಡೆಸಿಬೆಲ್ ಇಳಿಸ್ತಾ ಬನ್ನಿ. ಸಿಕ್ಕ ನಂಬರನ್ನ ಬರೆದಿಟ್ಕೊಳ್ಳಿ, ಪ್ರತಿಸಲ ಇದನ್ನೇ ಮಾಡ್ತಾ ಕೂರೋಕಾಗಲ್ಲ.

ಇನ್ನೂ ಅನುಮಾನ ಇದ್ರೆ ನಾನು ಮಾಡೋದು ಇದು: ಹೊಸದನ್ನ ಬೇಕಂತಲೇ ಅರ್ಧ ಡೆಸಿಬೆಲ್ ಕಮ್ಮಿ ಇಡ್ತೀನಿ. ಕಮ್ಮಿ ಇದ್ದೂ ಗೆದ್ರೆ ಅದು ನಿಜವಾದ ಗೆಲುವು.

ಸೋರ್ಸ್ ವಿಷ್ಯ ಬೇಗ ಮುಗಿಸ್ತೀನಿ

ಸೋರ್ಸ್ ಅಂದ್ರೆ ಶಬ್ದ ಹೊರಡೋ ಕಡೆ. ಎರಡಕ್ಕೂ ಒಂದೇ ಫೋನ್, ಒಂದೇ ಡಾಂಗಲ್ (ಫೋನಿಗೂ ಇಯರ್‌ಫೋನಿಗೂ ಮಧ್ಯ ಹಾಕೋ ಪುಟ್ಟ ಅಡಾಪ್ಟರ್), ಒಂದೇ ಫೈಲ್. ಆಪ್‌ನಲ್ಲಿರೋ ಬೇಸ್ ಬೂಸ್ಟ್, ಸ್ಪೇಷಿಯಲ್ ಆಡಿಯೋ, ಅದೂ ಇದೂ ಎಲ್ಲಾ ಆಫ್. ಒಂದನ್ನ 3.5 ಎಂಎಂ ಜ್ಯಾಕಿಗೂ ಇನ್ನೊಂದನ್ನ 4.4 ಬ್ಯಾಲೆನ್ಸ್ಡ್ ಜ್ಯಾಕಿಗೂ ಹಾಕಿ ಹೋಲಿಸಬೇಡಿ, ಬ್ಯಾಲೆನ್ಸ್ಡ್‌ನಲ್ಲಿ ವೋಲ್ಟೇಜ್ ಎರಡರಷ್ಟರವರೆಗೂ ಬರೋದ್ರಿಂದ 6 ಡೆಸಿಬೆಲ್ ತನಕ ಜೋರಾಗತ್ತೆ, ಮತ್ತೆ ಅದೇ ಮೋಸ. ಡಾಂಗಲ್‌ನ ಔಟ್‌ಪುಟ್ ಇಂಪೀಡೆನ್ಸ್ ಇಯರ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಮ್ಮಿ ಇರಲಿ ಅಂತಾರೆ, 16 ಓಮಿಗೆ 2 ಓಮ್ ಅಂತಿಟ್ಕೊಳ್ಳಿ. ನಾಲ್ಕೈದು ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನೋ ಪುಟಾಣಿ ಜಾತಿಯ ಡ್ರೈವರ್ ಇರೋ ಇಯರ್‌ಫೋನಿಗೆ ಇದು ಮುಖ್ಯ, ಅವುಗಳ ಇಂಪೀಡೆನ್ಸ್ ಒಂದೊಂದು ಸ್ವರಕ್ಕೆ ಒಂದೊಂದು ಥರ ಇರೋದ್ರಿಂದ ಸೋರ್ಸ್ ಬದಲಾದ್ರೆ ಸೌಂಡಿನ ಸ್ವಭಾವವೇ ಬದಲಾಗ್ಬಹುದು. ಒಂದೇ ಡೈನಾಮಿಕ್ (ಮಾಮೂಲಿ ಸ್ಪೀಕರ್ ಥರದ) ಡ್ರೈವರ್ ಇರೋದಕ್ಕೆ ಅಷ್ಟೇನೂ ತಲೆ ಕೆಡಿಸ್ಕೊಳ್ಳಬೇಡಿ.

ವೈರ್‌ಲೆಸ್ ಇಯರ್‌ಬಡ್ ಹೋಲಿಸ್ತಿದ್ರೆ ನಾಯ್ಸ್ ಕ್ಯಾನ್ಸಲಿಂಗ್ ಎರಡರಲ್ಲೂ ಆನ್ ಇರಲಿ ಇಲ್ಲಾ ಎರಡರಲ್ಲೂ ಆಫ್ ಇರಲಿ, ಕೆಲವದರಲ್ಲಿ ಅದನ್ನ ಆನ್ ಮಾಡಿದ್ರೆ ಬೇಸೇ ಬೇರೆ ಆಗತ್ತೆ.

ಫೈಲ್ ಲಾಸ್‌ಲೆಸ್ (ವಿವರ ಕಳೆಯದೆ ಉಳಿಸಿದ್ದು) ಇದ್ರೆ ಒಳ್ಳೇದು, 320 ಕೆಬಿಪಿಎಸ್ ಎಂಪಿ3 ಇದ್ರೂ ಆಕಾಶ ಕಳಚಿ ಬೀಳಲ್ಲ.

ಯಾವ ಹಾಡು, ಅದರಲ್ಲಿ ಯಾವ ಹತ್ತು ಸೆಕೆಂಡು

ಡೆಮೋ ಹಾಡು ಅಂತ ಇಂಟರ್ನೆಟ್ಟಲ್ಲಿ ಲಿಸ್ಟ್ ಸಿಗತ್ತೆ, ಅವು ಯಾವ ಇಯರ್‌ಫೋನಲ್ಲಿ ಕೇಳಿದ್ರೂ ಚೆನ್ನಾಗೇ ಇರತ್ತೆ, ಅದೇ ಅವುಗಳ ತೊಂದ್ರೆ. ನೀವು ನೂರು ಸಲ ಕೇಳಿರೋ ಹಾಡೇ ಬೇಕು, ಅದರಲ್ಲೂ ಒಂದೆರಡು ರೆಕಾರ್ಡಿಂಗ್ ಕೆಟ್ಟದಾಗಿರೋದೂ ಇರಲಿ. ಪೂರ್ತಿ ಹಾಡು ಕೇಳ್ಕೊಂಡು ಹೋಲಿಸಬೇಡಿ, ಶಬ್ದದ ಸಣ್ಣ ವಿವರ ನೆನಪಲ್ಲಿ ಉಳಿಯೋದು ಕೆಲವೇ ಸೆಕೆಂಡು. 10-15 ಸೆಕೆಂಡಿನ ತುಣುಕು ಕತ್ತರಿಸಿ ಲೂಪ್ ಮಾಡಿ.

ಬೇಸಿಗೆ, ಬೇಸ್ ಗಿಟಾರ್ ಒಂದೊಂದೇ ಸ್ವರ ಇಳಿಯೋ ಜಾಗ ಹುಡುಕಿ. ಅದರ ತೀರಾ ಕೆಳಗಿನ ತಂತಿ 41 ಹರ್ಟ್ಜ್. ಪ್ರತಿ ಸ್ವರ ಬೇರೆಬೇರೆ ಕೇಳ್ಸತ್ತಾ, ಇಲ್ಲಾ ಎಲ್ಲಾ ಒಂದೇ "ಧುಂ" ಆಗತ್ತಾ ಅನ್ನೋದು ಪ್ರಶ್ನೆ. ಎಷ್ಟು ಬೇಸ್ ಇದೆ ಅನ್ನೋದು ಆಮೇಲಿನ ಮಾತು. ಒಂದು ಸ್ವರ ಮಾತ್ರ ಉಳಿದವಕ್ಕಿಂತ ಉಬ್ಬಿ ಬಂದ್ರೆ ಆ ಜಾಗದಲ್ಲಿ ಟ್ಯೂನಿಂಗ್ (ಯಾವ ಸ್ವರ ಎಷ್ಟು ಜೋರಿರ್ಬೇಕು ಅನ್ನೋ ಹೊಂದಾಣಿಕೆ) ಉಬ್ಬಿದೆ ಅಂತ ಅರ್ಥ. ದನಿಗೆ, ಗಂಡು ದನಿ ಒಂದು ಹೆಣ್ಣು ದನಿ ಒಂದು, ಎರಡೂ ಪಕ್ಕವಾದ್ಯ ಕಮ್ಮಿ ಇರೋ ಜಾಗದಲ್ಲಿ. ಗಂಡು ದನಿ ಎದೆಯಿಂದ ಬಂದ ಹಾಗಿರ್ಬೇಕು, ಡಬ್ಬದೊಳಗಿಂದ ಅಲ್ಲ. ಹೆಣ್ಣು ದನಿ ತಾರಕಕ್ಕೆ ಹೋದಾಗ ಕಿರುಚಿದ ಹಾಗಾದ್ರೆ 3 ಕಿಲೋಹರ್ಟ್ಜ್ ಹತ್ರ ಜಾಸ್ತಿಯಾಗಿದೆ, ದೂರ ಹೋಗಿ ನಿಂತ್ಕೊಂಡ್ರೆ ಅಲ್ಲಿ ಕಮ್ಮಿಯಾಗಿದೆ. ತೆರೆದ ಕಿವಿ ಸಹಜವಾಗೇ 3 ಕಿಲೋಹರ್ಟ್ಜ್ ಆಸುಪಾಸನ್ನ ಎತ್ತಿ ಕೊಡತ್ತೆ, ಇಯರ್‌ಫೋನ್ ಕಿವಿ ಮುಚ್ಚಿದಾಗ ಅದು ಹೋಗಿಬಿಡತ್ತೆ, ಅದನ್ನ ಟ್ಯೂನ್ ಮಾಡೋರು ವಾಪಸ್ ಕೊಡ್ಬೇಕು, ಎಷ್ಟು ಕೊಡ್ಬೇಕು ಅನ್ನೋದ್ರಲ್ಲೇ ಎಲ್ಲಾ ಜಗಳ.

ನನ್ನ ಅಚ್ಚುಮೆಚ್ಚಿನ ಪರೀಕ್ಷೆ ತಂಬೂರಿ. ಬರೀ ತಂಬೂರಿ, ಹಾಡೋರು ಇನ್ನೂ ಬಾಯಿ ತೆಗೆದಿಲ್ಲ. ಒಂದು ತಂತಿ ಮೀಟಿದಾಗ ಮೊದ್ಲು ಮಂದ್ರ ಸ್ವರ ಬರತ್ತೆ, ಆಮೇಲೆ ಆ ಝೇಂಕಾರ ನಿಧಾನಕ್ಕೆ ಅರಳ್ಕೊಂಡು ಒಂದೊಂದೇ ಮೇಲಿನ ಸ್ವರ ಮಿಂಚಿ ಹೋಗತ್ತೆ, ಅಷ್ಟರಲ್ಲಿ ಮುಂದಿನ ತಂತಿ ಮೀಟಿರ್ತಾರೆ, ಹಿಂದಿನದ್ದು ಇನ್ನೂ ಸಾಯ್ತಾ ಇರತ್ತೆ. ಒಳ್ಳೇ ಇಯರ್‌ಫೋನಲ್ಲಿ ಈ ಎರಡೂ ಒಟ್ಟಿಗೆ ಕೇಳ್ಸತ್ತೆ, ಹಿಂದಿನ ತಂತಿಯ ಬಾಲ ಮುಂದಿನ ತಂತಿಯ ತಲೆ. ಸಾಧಾರಣದ್ರಲ್ಲಿ ಎಲ್ಲಾ ಸೇರ್ಕೊಂಡು ಒಂದು ಗುಂಯ್‌ಗುಡೋ ಫ್ರಿಜ್ಜಿನ ಸದ್ದು. ಟ್ರೆಬಲ್ ಸುಮ್ನೆ ಎತ್ತಿ ಇಟ್ಟಿರೋದ್ರಲ್ಲಿ ಝೇಂಕಾರ ಕಾಗದ ಹರಿದ ಹಾಗಿರತ್ತೆ. "ಡೀಟೇಲ್" ಅಂತ ರಿವ್ಯೂಗಳಲ್ಲಿ ಬರೀತಾರಲ್ಲ, ಹತ್ತು ಪ್ಯಾರಾ ಓದೋದಕ್ಕಿಂತ ಇದನ್ನ ಎರಡರಲ್ಲೂ ಒಂದೊಂದ್ಸಲ ಕೇಳಿದ್ರೆ ಗೊತ್ತಾಗತ್ತೆ.

ಕೊನೇಲಿ ಮೋನೋ ಫೈಲ್ ಒಂದು ಹಾಕಿ. ದನಿ ತಲೆಯ ನಟ್ಟನಡುವೆ ಇರ್ಬೇಕು. ಒಂದು ಕಡೆ ವಾಲಿದ್ರೆ ಎಡ-ಬಲ ಅದಲುಬದಲು ಹಾಕಿ ನೋಡಿ, ವಾಲೋದೂ ಆ ಕಡೆಗೆ ಹೋದ್ರೆ ಇಯರ್‌ಫೋನಲ್ಲೋ ಸೋರ್ಸಲ್ಲೋ ದೋಷ, ಹಾಗೇ ಇದ್ರೆ ನಿಮ್ಮ ಕಿವಿ ಅಥವಾ ಅದರಲ್ಲಿ ಟಿಪ್ಪು ಕೂರೋ ರೀತಿ.

ಕಣ್ಣು ಮುಚ್ಕೊಂಡು ಹೋಲಿಸೋಕಾಗತ್ತಾ

ಕಷ್ಟ. ಕಿವಿಗೆ ಹಾಕಿದ ತಕ್ಷಣ ಆಕಾರದಿಂದಲೇ ಯಾವುದು ಅಂತ ಗೊತ್ತಾಗಿಬಿಡತ್ತೆ. ಸಂಶೋಧನೆ ಮಾಡೋರಿಗೂ ಇದೇ ತಲೆನೋವು, ಹರ್ಮನ್ ಕಂಪನೀಲಿ ಶಾನ್ ಆಲಿವ್ ಅವರ ತಂಡ ಇದಕ್ಕೆ ಒಂದು ಉಪಾಯ ಮಾಡ್ತು: ಕೇಳೋರಿಗೆ ಒಂದೇ ಹೆಡ್‌ಫೋನ್ ಹಾಕಿಸಿ, ಬೇರೆಬೇರೆ ಹೆಡ್‌ಫೋನಿನ ಫ್ರೀಕ್ವೆನ್ಸಿ ರೆಸ್ಪಾನ್ಸನ್ನ (ಯಾವ ಸ್ವರ ಎಷ್ಟು ಜೋರು ಬರತ್ತೆ ಅನ್ನೋದನ್ನ) ಈಕ್ವಲೈಝರಿಂದ ಅದರಲ್ಲೇ ನಕಲು ಮಾಡಿ ಕೇಳಿಸ್ತು. ಆಗ ಬ್ರ್ಯಾಂಡೂ ಗೊತ್ತಾಗಲ್ಲ, ಫಿಟ್ಟೂ ಬದಲಾಗಲ್ಲ.

ನಾವೂ ಇದನ್ನ ಮನೇಲಿ ಅರ್ಧಂಬರ್ಧ ಮಾಡ್ಬಹುದು, ಅದೂ ಹೊಸದನ್ನ ಕೊಳ್ಳೋಕೆ ಮುಂಚೆಯೇ. ಹೊಸದರ ಫ್ರೀಕ್ವೆನ್ಸಿ ರೆಸ್ಪಾನ್ಸ್ ಗ್ರಾಫ್ ಹುಡುಕಿ, ನಿಮ್ಮ ಹಳೇದರ ಗ್ರಾಫೂ ಹುಡುಕಿ, ಎರಡನ್ನೂ ಒಬ್ಬರೇ ಒಂದೇ ಉಪಕರಣದಲ್ಲಿ ಅಳೆದಿರ್ಬೇಕು, ಬೇರೆಬೇರೆಯವರ ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಅರ್ಥ ಇಲ್ಲ. ಎಲ್ಲೆಲ್ಲಿ ಎಷ್ಟು ಡೆಸಿಬೆಲ್ ವ್ಯತ್ಯಾಸ ಇದೆ ನೋಡ್ಕೊಂಡು ಅಷ್ಟನ್ನ ಹಳೇದಕ್ಕೆ ಈಕ್ವಲೈಝರಲ್ಲಿ ಕೊಡಿ, ಆಂಡ್ರಾಯ್ಡಲ್ಲಿ ವೇವ್‌ಲೆಟ್, ವಿಂಡೋಸಲ್ಲಿ ಈಕ್ವಲೈಝರ್ ಎಪಿಒ ಇದಕ್ಕೆ ಸಾಕಾಗತ್ತೆ. ಎಲ್ಲಿ ಜಾಸ್ತಿ ಏರಿಸಿದ್ರೋ ಅಷ್ಟು ಡೆಸಿಬೆಲ್ ಪ್ರೀಆಂಪ್ ಇಳಿಸಿ, ಇಲ್ಲಾಂದ್ರೆ ಸೌಂಡ್ ಒಡೆಯತ್ತೆ. 8 ಕಿಲೋಹರ್ಟ್ಜಿಂದ ಮೇಲೆ ಗ್ರಾಫನ್ನ ಕಣ್ಣುಮುಚ್ಚಿ ನಂಬಬೇಡಿ, ಅಲ್ಲಿ ಕಾಣೋ ಚೂಪು ಶಿಖರ ಎಷ್ಟೋ ಸಲ ಅಳೆಯೋ ಕೃತಕ ಕಿವಿಯದ್ದೇ ಅನುರಣನೆ, ನಿಮ್ಮ ಕಿವೀಲಿ ಅದು ಬೇರೆ ಕಡೆ ಇರತ್ತೆ.

ಈಗ ಮನೇಲಿ ಯಾರನ್ನಾದ್ರೂ ಕೂರಿಸಿ, ಈಕ್ವಲೈಝರ್ ಆನ್ ಆಫ್ ಅವರ ಕೈಗೆ ಕೊಟ್ಟು, ಆಫ್ ಇದ್ದಾಗ್ಲೂ ವಾಲ್ಯೂಮ್ ಸಮ ಇರೋ ಹಾಗೆ ನೋಡ್ಕೊಂಡು, ನಾಣ್ಯ ಚಿಮ್ಮಿಸಿ ಆರಿಸೋಕೆ ಹೇಳಿ, ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ. 16 ಸಲ ಮಾಡಿ. 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಹೇಳಿದ್ರೆ ಬರೀ ಅದೃಷ್ಟದಿಂದ ಹಾಗಾಗೋ ಸಾಧ್ಯತೆ ನೂರಕ್ಕೆ 4ರಷ್ಟು, ಹಾಗಾಗಿ ವ್ಯತ್ಯಾಸ ಕೇಳ್ತಿದೆ ಅಂತ ಇಟ್ಕೊಳ್ಬಹುದು. 9-10 ಬಂದ್ರೆ ಬೇಜಾರು ಮಾಡ್ಕೋಬೇಡಿ, ದುಡ್ಡು ಉಳೀತು.

ಈಕ್ವಲೈಝರಿಂದ್ಲೇ ನೀವು ಬರ್ಕೊಂಡಿದ್ದ ಕಂಪ್ಲೇಂಟ್ ಹೋಗಿಬಿಟ್ರೆ ನಿಮಗೆ ಬೇಕಿದ್ದಿದ್ದು ಬೇರೆ ಟ್ಯೂನಿಂಗ್, ದುಬಾರಿ ಇಯರ್‌ಫೋನಲ್ಲ. ಬೆಲೆ ಜಾಸ್ತಿ ಕೊಟ್ರೆ ಟ್ಯೂನಿಂಗ್ ತಾನಾಗೇ ಚೆನ್ನಾಗಿರತ್ತೆ ಅನ್ನೋದೂ ಸುಳ್ಳು, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 283 ಹೆಡ್‌ಫೋನುಗಳನ್ನ ಅಳೆದು ನೋಡಿ ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ ಬೆಲೆಗೂ ನಂಟೇ ಕಾಣಲ್ಲ ಅಂದ್ರು. ಡ್ರೈವರ್ ಎಷ್ಟಿದೆ ಅನ್ನೋ ಲೆಕ್ಕವೂ ಹಾಗೇ, ಎಂಟು ಡ್ರೈವರ್ ಇರೋದು ಒಂದು ಡ್ರೈವರ್ ಇರೋದಕ್ಕಿಂತ ಎಂಟು ಪಟ್ಟು ಬಿಡಿ, ಒಂದು ಪಟ್ಟೂ ಚೆನ್ನಾಗಿಲ್ಲದೆ ಇರ್ಬಹುದು.

ಆಮೇಲೆ ಒಂದು ವಾರ

ಹೊಸದು ಕೈಗೆ ಬಂದಿದ್ರೆ, ಅಥವಾ ಯಾರದ್ದಾದ್ರೂ ಕೆಲವು ದಿನಕ್ಕೆ ಸಿಕ್ಕಿದ್ರೆ, ಬೇಗಬೇಗ ಬದಲಾಯಿಸಿ ಕೇಳೋದನ್ನ ನಿಲ್ಲಿಸಿ ಐದಾರು ದಿನ ಹೊಸದನ್ನ ಮಾತ್ರ ಬಳಸಿ. ಟ್ರೆಬಲ್ ಜಾಸ್ತಿ ಇರೋದು ಮೊದಲ ಎರಡು ನಿಮಿಷ ಎಲ್ಲರನ್ನೂ ಬೀಳಿಸತ್ತೆ, ಎರಡು ಗಂಟೆ ಆದ್ಮೇಲೆ ಕಿವಿ ಉರಿಯೋಕೆ ಶುರು. ಅಂಗಡೀಲಿ ಐದು ನಿಮಿಷ ಕೇಳಿ ತಂದೋರೆಲ್ಲಾ ಸಿಕ್ಕಿಹಾಕ್ಕೊಳ್ಳೋದು ಇಲ್ಲಿ. ದಿನಗಳು ಕಳೆದ ಹಾಗೆ ಸೌಂಡ್ "ಪಳಗಿತು" ಅನ್ಸತ್ತೆ, ಡ್ರೈವರ್ ಬರ್ನ್-ಇನ್ ಆಯ್ತು, ಅಂದ್ರೆ ಬಳಸ್ತಾ ಬಳಸ್ತಾ ಹದಕ್ಕೆ ಬಂತು ಅಂತಾರೆ, ನನಗೆ ಕಾಣೋದು ಬಹುಪಾಲು ಪಳಗಿದ್ದು ನಮ್ಮ ತಲೆ. ಅದಕ್ಕೇ ಆರನೇ ದಿನ ವಾಪಸ್ ಹಳೇದನ್ನ ಹಾಕಿ, ವಾಲ್ಯೂಮ್ ಸಮ ಮಾಡಿ. ಮೊದಲ ಅರ್ಧ ನಿಮಿಷದಲ್ಲಿ ಏನು ತಪ್ಪಿಹೋದ ಹಾಗನ್ಸತ್ತೋ ಬರ್ಕೊಳ್ಳಿ, ಯಾಕಂದ್ರೆ ಒಂದು ಗಂಟೆ ಬಿಟ್ರೆ ತಲೆ ಅದಕ್ಕೂ ಒಗ್ಗಿಕೊಂಡುಬಿಡತ್ತೆ. ಆಮೇಲೆ ಮೊದಲ ದಿನದ ಚೀಟಿ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ಈ ಒಂದು ವಾರದಲ್ಲಿ "ಇನ್ನೊಂಚೂರು ಕೇಳೋಣ" ಅಂತ ವಾಲ್ಯೂಮ್ ಏರಿಸ್ತಾ ಹೋಗಬೇಡಿ ಅಷ್ಟೇ, 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ, 3 ಡೆಸಿಬೆಲ್ ಏರಿದ್ರೆ ಆ ಸಮಯ ಅರ್ಧ ಆಗತ್ತೆ. ಕಿವಿ ದಣಿದಾಗ ಮಾಡಿದ ಹೋಲಿಕೆಯೂ ಲೆಕ್ಕಕ್ಕಿಲ್ಲ.

ನನ್ನ ಕಥೆ ಏನಾಯ್ತು ಅಂದ್ರೆ, ಚೀಟೀಲಿ ಬರ್ಕೊಂಡಿದ್ದು ಮೂರು ಕಂಪ್ಲೇಂಟು. ಬೇಸ್ ಇಲ್ಲ ಅನ್ನೋದು ಬಲಗಿವಿಗೆ ಎಲ್ ಟಿಪ್ ಹಾಕಿದ್ಮೇಲೆ ಹೋಯ್ತು. ದನಿ ಹಿಂದಿದೆ ಅನ್ನೋದು 3 ಕಿಲೋಹರ್ಟ್ಜ್ ಹತ್ರ ಎರಡೂವರೆ ಡೆಸಿಬೆಲ್ ಎತ್ತಿದ್ಮೇಲೆ ಹೋಯ್ತು. ತಂಬೂರಿ ಮಾತ್ರ ಏನೇ ತಿದ್ದಿದ್ರೂ ಫ್ರಿಜ್ಜಾಗೇ ಉಳೀತು, ಅಪ್‌ಗ್ರೇಡ್ ನಿಜಕ್ಕೂ ಬೇಕಿದ್ದಿದ್ದು ಅದೊಂದಕ್ಕೇ. ನಾಲ್ಕು ತಿಂಗಳು ಕಾದು ತಂಬೂರಿ ಸರಿಯಾಗಿ ಕೇಳ್ಸೋ ಒಂದನ್ನ ತಗೊಂಡೆ. ಫ್ರೆಂಡಿಂದಲ್ಲ, ಅವನದ್ರಲ್ಲೂ ಅದು ಫ್ರಿಜ್ಜೇ, ಸ್ವಲ್ಪ ಜೋರಾದ ಫ್ರಿಜ್ಜು. ಇದನ್ನ ಅವನಿಗಿನ್ನೂ ಹೇಳಿಲ್ಲ.